ಲಸಿಕೆಯ ಸುದ್ದಿ ಉಗಾಂಡದ ಅಪಾಚ್‌ನ ಮಕ್ಕಳ ವಾರ್ಡಿನವರೆಗೂ ಹೋಗಲಿ

ಸಂಪಾದಕರಿಗೆ,

ಮಾನ್ಯರೇ,

ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಮಲೇರಿಯಾ ಲಸಿಕೆ ಆಫ್ರಿಕಾದ ಮಕ್ಕಳಿಗೆ ಸಿಗತೊಡಗಿರುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ರೂಪುಗೊಂಡು, ನಮ್ಮ ದೇಶದ ಕಾರ್ಖಾನೆಯಲ್ಲಿ ತಯಾರಾಗಿ, 2023ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಪಡೆದ ಈ ಲಸಿಕೆಯ ಬಗ್ಗೆ ನಾವು ಹೆಮ್ಮೆಪಡುವುದು ಸಹಜವೇ. ಆದರೆ ಲೇಖನ ಕಾರ್ಖಾನೆಯಲ್ಲಿ ಶುರುವಾಗಿ ವಿಮಾನ ನಿಲ್ದಾಣದಲ್ಲೇ ಮುಗಿದುಹೋಯಿತು. ಪೆಟ್ಟಿಗೆಗಳು ಯಾವ ದೇಶದ ಯಾವ ಜಿಲ್ಲೆಯನ್ನು ತಲುಪಿದವು, ಅಲ್ಲಿ ಅವುಗಳನ್ನು ಇಳಿಸಿಕೊಂಡವರು ಯಾರು, ಅವರ ಆಸ್ಪತ್ರೆ ಯಾವ ಸ್ಥಿತಿಯಲ್ಲಿದೆ ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು 2011ರಿಂದ 2018ರವರೆಗೆ ಉತ್ತರ ಉಗಾಂಡದ ಲೀರಾ ಪಟ್ಟಣದ ಸೂರ್ಯಕಾಂತಿ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ನಾನು ವೈದ್ಯನಲ್ಲ. ಆದರೆ ಕೆಲಸಗಾರರ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ ವಾಹನ ಕಳುಹಿಸುವ, ಹಣ ಹೊಂದಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂದಿದ್ದರಿಂದ ಆ ಸೀಮೆಯ ಸರ್ಕಾರಿ ಜನರಲ್ ಆಸ್ಪತ್ರೆಗಳ ಜಗಲಿಗಳಲ್ಲಿ ಅನೇಕ ರಾತ್ರಿಗಳನ್ನು ಕಳೆದಿದ್ದೇನೆ. ಲೇಖನ ಬಿಟ್ಟುಬಿಟ್ಟ ಭಾಗವನ್ನು ನನಗೆ ತಿಳಿದಷ್ಟರ ಮಟ್ಟಿಗೆ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ; ಪತ್ರ ದೀರ್ಘವಾದುದಕ್ಕೆ ಕ್ಷಮೆಯಿರಲಿ.

ಉಗಾಂಡದಲ್ಲಿ ಈ ಲಸಿಕೆಗೆ ಚಾಲನೆ ದೊರೆತದ್ದು 2025ರ ಏಪ್ರಿಲ್ 2ರಂದು, ಲಾಂಗೊ ಸೀಮೆಯ ಅಪಾಚ್ ಜಿಲ್ಲೆಯಲ್ಲಿ. ಆ ಜಿಲ್ಲೆಯ ಆಯ್ಕೆಗೆ ಕಾರಣವಿತ್ತು. 2000ದ ದಶಕದ ಆರಂಭದಲ್ಲಿ ವಿಜ್ಞಾನಿಗಳು ನಡೆಸಿದ ಅಧ್ಯಯನದಲ್ಲಿ, ಅಪಾಚ್‌ನ ಒಬ್ಬ ನಿವಾಸಿಗೆ ಒಂದು ವರ್ಷದಲ್ಲಿ ಮಲೇರಿಯಾ ಸೋಂಕು ಹೊತ್ತ ಸೊಳ್ಳೆಗಳ ಕಡಿತ 1500ಕ್ಕೂ ಹೆಚ್ಚು ಬಾರಿ ಆಗುತ್ತದೆ ಎಂದು ಕಂಡುಬಂದಿತ್ತು. ಲೆಕ್ಕ ಹಾಕಿದರೆ ಪ್ರತಿ ರಾತ್ರಿಗೆ ನಾಲ್ಕಕ್ಕೂ ಹೆಚ್ಚು. ಜಗತ್ತಿನಲ್ಲಿ ಎಲ್ಲಿಯೇ ಆಗಲಿ ದಾಖಲಾದ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೂ ಒಂದು. ಕ್ವಾನಿಯಾ ಸರೋವರದ ಸುತ್ತಲಿನ ಜೌಗು ನೆಲದ ಆ ಸೀಮೆಯಲ್ಲಿ ಐದು ವರ್ಷದೊಳಗಿನ ಮಗುವೊಂದಕ್ಕೆ ಜ್ವರ ಬಂದಿತೆಂದರೆ ತಾಯಿಗೆ ಮೊದಲು ನೆನಪಾಗುವುದು ಮಲೇರಿಯಾ. ಬಹಳ ಸಲ ಅವಳ ಊಹೆ ನಿಜವೂ ಆಗಿರುತ್ತದೆ.

ಉಗಾಂಡದ ಸರ್ಕಾರಿ ಆರೋಗ್ಯ ವ್ಯವಸ್ಥೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಲಾಗಿದೆ. ಹಳ್ಳಿಯಲ್ಲಿ ಸಂಬಳವಿಲ್ಲದೆ ದುಡಿಯುವ ಆರೋಗ್ಯ ತಂಡ, ಅದರ ಮೇಲೆ ಎರಡು, ಮೂರು, ನಾಲ್ಕನೆಯ ದರ್ಜೆಯ ಆರೋಗ್ಯ ಕೇಂದ್ರಗಳು, ಅವುಗಳ ಮೇಲೆ ಜಿಲ್ಲೆಯ ಜನರಲ್ ಆಸ್ಪತ್ರೆ, ಅದರಾಚೆ ಪ್ರಾದೇಶಿಕ ಆಸ್ಪತ್ರೆ, ಕೊನೆಗೆ ರಾಜಧಾನಿ ಕಂಪಾಲಾದ ಮುಲಾಗೊ ರಾಷ್ಟ್ರೀಯ ಆಸ್ಪತ್ರೆ. ಯೋಜನೆಯ ಕಡತದಲ್ಲಿ ಜನರಲ್ ಆಸ್ಪತ್ರೆ ಐದು ಲಕ್ಷ ಜನರಿಗೆ ಒಂದು. ಸ್ವಾತಂತ್ರ್ಯಾನಂತರದ ಮೊದಲ ದಶಕದಲ್ಲಿ ಮಿಲ್ಟನ್ ಒಬೋಟೆಯವರ ಸರ್ಕಾರ ತಲಾ 100 ಹಾಸಿಗೆಗಳ 22 ಗ್ರಾಮೀಣ ಆಸ್ಪತ್ರೆಗಳನ್ನು ಕಟ್ಟಿಸಲು ಕೈಹಾಕಿತು; ಒಬೋಟೆಯವರು ಹುಟ್ಟಿದ ಅಕೊಕೊರೊ ಹಳ್ಳಿ ಇರುವುದು ಇದೇ ಅಪಾಚ್ ಸೀಮೆಯಲ್ಲಿ. ಕೆಂಪು ಮಣ್ಣಿನ ಅಂಗಳ, ಒಂದಕ್ಕೊಂದು ಜೋಡಿಸಿದ ಉದ್ದನೆಯ ತಗ್ಗು ಕಟ್ಟಡಗಳು, ನಡುವೆ ನೆರಳಿನ ಓಣಿ, ಹೀಗಿರುವ ಆ ಆಸ್ಪತ್ರೆಗಳು ಅಂದಿನ ದಿನಕ್ಕೆ ದೊಡ್ಡ ಸಾಧನೆಯೇ ಆಗಿದ್ದವು. ಅನಂತರ ಸರ್ವಾಧಿಕಾರಿ ಇದಿ ಅಮೀನ್ ಬಂದರು. 1972ರ ಆಗಸ್ಟ್‌ನಲ್ಲಿ ಏಷ್ಯಾ ಮೂಲದವರಿಗೆ 90 ದಿನಗಳಲ್ಲಿ ದೇಶ ಬಿಡುವಂತೆ ಆಜ್ಞೆಯಾದಾಗ ಹೊರಟುಹೋದವರಲ್ಲಿ ವೈದ್ಯರೂ ಔಷಧ ವ್ಯಾಪಾರಿಗಳೂ ಇದ್ದರು. ಅವರ ಹಿಂದೆಯೇ ಜೀವಭಯದಿಂದ ಅನೇಕ ಉಗಾಂಡ ವೈದ್ಯರೂ ದೇಶ ತೊರೆದರು. ಉತ್ತರದಲ್ಲಿ ಮುಂದೆ ಎರಡು ದಶಕಗಳ ಕಾಲ ನಡೆದ ಬಂಡಾಯ ಉಳಿದದ್ದನ್ನೂ ಸವೆಸಿತು. ಇಂದು ದೇಶದಲ್ಲಿ 130ಕ್ಕೂ ಹೆಚ್ಚು ಜಿಲ್ಲೆಗಳಿವೆ, ಆದರೆ ಎಲ್ಲ ಜಿಲ್ಲೆಗಳಿಗೂ ಆಸ್ಪತ್ರೆಯಿಲ್ಲ. ಆದ್ದರಿಂದ ಒಂದು ಜನರಲ್ ಆಸ್ಪತ್ರೆಗೆ ತನ್ನ ಜಿಲ್ಲೆಯವರಲ್ಲದೆ ನೆರೆಯ ಜಿಲ್ಲೆಯವರೂ ಬರುತ್ತಾರೆ.

2001ರ ಮಾರ್ಚ್‌ನಲ್ಲಿ ಸರ್ಕಾರ ಆಸ್ಪತ್ರೆಗಳ ಸಾಮಾನ್ಯ ವಾರ್ಡುಗಳಲ್ಲಿ ರೋಗಿಗಳಿಂದ ಶುಲ್ಕ ಪಡೆಯುವುದನ್ನು ನಿಲ್ಲಿಸಿತು. ಅದು ಸರಿಯಾದ ನಿರ್ಧಾರ ಎಂದೇ ನಾನು ಈಗಲೂ ಹೇಳುತ್ತೇನೆ, ಏಕೆಂದರೆ ಅದುವರೆಗೆ ಮನೆಯಲ್ಲೇ ನರಳುತ್ತಿದ್ದ ಬಡವರು ಆಸ್ಪತ್ರೆಯ ಬಾಗಿಲಿಗೆ ಬಂದರು. ಆದರೆ ಬಂದ ಜನರ ಪ್ರಮಾಣಕ್ಕೆ ತಕ್ಕಂತೆ ಔಷಧವಾಗಲಿ, ಸಿಬ್ಬಂದಿಯಾಗಲಿ ಹೆಚ್ಚಲಿಲ್ಲ. ಔಷಧ ಬರುವುದು ರಾಷ್ಟ್ರೀಯ ಔಷಧ ಉಗ್ರಾಣದಿಂದ, ಎರಡು ತಿಂಗಳಿಗೊಮ್ಮೆ. ಆಸ್ಪತ್ರೆ ತನಗೆ ಬೇಕಾದುದರ ಪಟ್ಟಿ ಕಳುಹಿಸಬಹುದು, ಆದರೆ ಅದರ ಹೆಸರಿನಲ್ಲಿ ಮಂಜೂರಾದ ಹಣದ ಮಿತಿಯೊಳಗೆ ಮಾತ್ರ. ಮಳೆ ಮುಗಿದ ತಿಂಗಳುಗಳಲ್ಲಿ, ಮಲೇರಿಯಾ ಏರುವ ಹೊತ್ತಿಗೆ, ಎರಡು ತಿಂಗಳ ದಾಸ್ತಾನು ಐದಾರು ವಾರಗಳಲ್ಲಿ ಖಾಲಿಯಾದರೆ ಉಳಿದ ದಿನಗಳಿಗೆ ದಾದಿಯ ಕೈಯಲ್ಲಿ ಉಳಿಯುವುದು ಚೀಟಿ ಮಾತ್ರ. ಆ ಚೀಟಿ ಹಿಡಿದು ಮನೆಯವರು ಗೇಟಿನಾಚೆಯ ಖಾಸಗಿ ಔಷಧದಂಗಡಿಗೆ ಹೋಗುತ್ತಾರೆ. ಉಚಿತ ಚಿಕಿತ್ಸೆ ಎಂಬ ಮಾತು ಅಲ್ಲಿಗೆ ಅರ್ಧಕ್ಕೆ ನಿಲ್ಲುತ್ತದೆ.

ಈಗ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕು. ಆ ಸೀಮೆಯ ಹತ್ತು ಜಿಲ್ಲೆಗಳಲ್ಲಿ ಮನೆಗಳ ಒಳಗೋಡೆಗೆ ಕೀಟನಾಶಕ ಸಿಂಪಡಿಸುವ ಕಾರ್ಯಕ್ರಮ ಕೆಲವು ವರ್ಷ ನಡೆದು, ಮಲೇರಿಯಾ ಗಣನೀಯವಾಗಿ ಇಳಿದಿತ್ತು. ಹೊರದೇಶದ ನೆರವಿನಿಂದ ನಡೆಯುತ್ತಿದ್ದ ಆ ಕಾರ್ಯಕ್ರಮವನ್ನು 2014ರಲ್ಲಿ ಅಲ್ಲಿಂದ ಹಿಂತೆಗೆದುಕೊಂಡು ಬೇರೆ ಜಿಲ್ಲೆಗಳಿಗೆ ಒಯ್ದರು. ಮರುವರ್ಷವೇ ಮಲೇರಿಯಾ ಸಾಂಕ್ರಾಮಿಕವಾಗಿ ಮರಳಿತು. ಸಿಂಪಡಿಸಿದ ವರ್ಷಗಳಲ್ಲಿ ಹುಟ್ಟಿ, ರೋಗವನ್ನು ಎದುರಿಸಿ ಅಭ್ಯಾಸವೇ ಇಲ್ಲದ ಎಳೆಯ ಮಕ್ಕಳು ಹೆಚ್ಚಿನ ಸಂಖ್ಯೆಯಲ್ಲಿ ಮಲಗಿದರು. 2015ರ ಮೇ ತಿಂಗಳ ಒಂದು ಸಂಜೆ ನಮ್ಮ ಗಿರಣಿಯಲ್ಲಿ ಮೂಟೆ ಹೊರುವವನೊಬ್ಬನ ಮೂರು ವರ್ಷದ ಮಗನನ್ನು ಗಿರಣಿಯ ಪಿಕಪ್ ವಾಹನದಲ್ಲಿ ಅವರ ಜಿಲ್ಲೆಯ ಜನರಲ್ ಆಸ್ಪತ್ರೆಗೆ ಕರೆದೊಯ್ದೆವು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಮಕ್ಕಳ ವಾರ್ಡಿನಲ್ಲಿ ಒಂದೊಂದು ಹಾಸಿಗೆಯಲ್ಲಿ ಇಬ್ಬರು, ಕೆಲವೆಡೆ ಮೂವರು ಮಲಗಿದ್ದರು; ಜಾಗವಿಲ್ಲದವರು ನೆಲದ ಮೇಲೆ ಚಾಪೆ ಹಾಸಿದ್ದರು. ಇಡೀ ವಾರ್ಡಿಗೆ ಇದ್ದವರು ಒಬ್ಬ ದಾದಿ ಮತ್ತು ಒಬ್ಬ ತರಬೇತಿ ವಿದ್ಯಾರ್ಥಿನಿ. ಆ ದಾದಿ ಮಗುವಿನ ಕಣ್ಣಿನ ಕೆಳರೆಪ್ಪೆಯನ್ನೂ ಅಂಗೈಯನ್ನೂ ನೋಡಿದ ಕ್ಷಣದಲ್ಲೇ ಪರಿಸ್ಥಿತಿ ಅರಿತಳು. ಕಾಲು ಗಂಟೆಯೊಳಗೆ ಆರ್ಟೆಸುನೇಟ್ ಚುಚ್ಚುಮದ್ದು ಕೊಟ್ಟಾಗಿತ್ತು. ಹಳೆಯ ಕ್ವಿನೈನ್‌ಗಿಂತ ಈ ಮದ್ದು ಹೆಚ್ಚು ಮಕ್ಕಳನ್ನು ಉಳಿಸುತ್ತದೆಂದು ಐದು ಸಾವಿರಕ್ಕೂ ಹೆಚ್ಚು ಆಫ್ರಿಕನ್ ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತ್ತು. ಐದೇ ವರ್ಷಗಳಲ್ಲಿ ಅದು ಆ ವಾರ್ಡಿನ ಕಪಾಟಿಗೆ ಬಂದಿತ್ತು ಎಂಬುದನ್ನು ಮೆಚ್ಚಲೇಬೇಕು.

ಆದರೆ ಮಗುವಿಗೆ ಬೇಕಾಗಿದ್ದುದು ರಕ್ತ. ತೀವ್ರ ಮಲೇರಿಯಾದಲ್ಲಿ ಕೆಂಪು ರಕ್ತಕಣಗಳು ಒಡೆದು, ಎಳೆಯ ಮಗುವಿನ ರಕ್ತ ಕೆಲವೇ ದಿನಗಳಲ್ಲಿ ನೀರಿನಂತಾಗುತ್ತದೆ. ಆಸ್ಪತ್ರೆಯ ಫ್ರಿಜ್‌ನಲ್ಲಿ ಅಂದು ಒಂದು ಚೀಲ ರಕ್ತವೂ ಇರಲಿಲ್ಲ. ಮಗುವಿನ ಅಪ್ಪ ತನ್ನ ತೋಳು ಚಾಚಿ, ತನ್ನ ರಕ್ತ ತೆಗೆದುಕೊಳ್ಳಿ ಎಂದು ಅಂಗಲಾಚಿದ. ಉಗಾಂಡದಲ್ಲಿ ಹಾಗೆ ತೆಗೆದುಕೊಳ್ಳುವಂತಿಲ್ಲ. ಏಡ್ಸ್ ಪಿಡುಗಿನ ಭೀಕರ ವರ್ಷಗಳಲ್ಲಿ ಪಾಠ ಕಲಿತ ಆ ದೇಶ ರಕ್ತ ಸಂಗ್ರಹಿಸುವ, ಪರೀಕ್ಷಿಸುವ ಕೆಲಸವನ್ನು ರಾಷ್ಟ್ರೀಯ ರಕ್ತಸೇವೆಗೆ ವಹಿಸಿದೆ. ರಕ್ತ ಪ್ರಾದೇಶಿಕ ರಕ್ತನಿಧಿಯಲ್ಲಿ ಪರೀಕ್ಷೆಯಾಗಿಯೇ ಜಿಲ್ಲೆಗೆ ಬರಬೇಕು. ನಿಯಮ ಸರಿಯಾದದ್ದೇ, ಅದರಿಂದ ಉಳಿದ ಜೀವಗಳು ಅಸಂಖ್ಯ. ಆದರೆ ಅಲ್ಲಿ ರಕ್ತ ಕೊಡುವವರಲ್ಲಿ ದೊಡ್ಡ ಪಾಲು ಪ್ರೌಢಶಾಲೆಯ ವಿದ್ಯಾರ್ಥಿಗಳು. ಮೇ ತಿಂಗಳಲ್ಲಿ ಶಾಲೆಗಳಿಗೆ ರಜೆ. ಶಾಲೆ ಮುಚ್ಚಿದಾಗ ರಕ್ತ ಕಡಿಮೆಯಾಗುತ್ತದೆ. ಮಳೆ ಬಿದ್ದು ಮಲೇರಿಯಾ ಏರತೊಡಗುವ ಹೊತ್ತಿಗೇ ಆ ರಜೆಯೂ ಬರುತ್ತದೆ.

ಪಕ್ಕದ ಹಾಸಿಗೆಯಲ್ಲಿ ಅದೇ ಸ್ಥಿತಿಯಲ್ಲಿ ಅಜ್ಜಿಯೊಬ್ಬಳ ಮೊಮ್ಮಗಳಿದ್ದಳು. ಆಸ್ಪತ್ರೆಯ ಆಂಬುಲೆನ್ಸ್‌ಗೆ ಡೀಸೆಲ್ ಇರಲಿಲ್ಲವಾದ್ದರಿಂದ ಇಬ್ಬರು ಮಕ್ಕಳನ್ನೂ ನಮ್ಮ ಪಿಕಪ್‌ನಲ್ಲೇ ಲೀರಾದ ಪ್ರಾದೇಶಿಕ ಆಸ್ಪತ್ರೆಯತ್ತ ಒಯ್ದೆವು. ಹುಡುಗ ಬದುಕಿದ. ಹುಡುಗಿ ದಾರಿಯಲ್ಲೇ ಹೋದಳು. ಅಜ್ಜಿ ಅಳಲಿಲ್ಲ, ವಾಹನ ನಿಲ್ಲಿಸಲೂ ಹೇಳಲಿಲ್ಲ. ಇನ್ನೊಂದು ಮಗು ಬೇಗ ತಲುಪಲಿ ಎಂದು ಸುಮ್ಮನೆ ಕುಳಿತಿದ್ದಳು ಎಂಬುದು ನನಗೆ ಅರ್ಥವಾದದ್ದು ಆಮೇಲೆ. ಹತ್ತು ವರ್ಷಗಳು ಕಳೆದರೂ ಆ ದಾರಿ ನನ್ನ ಮನಸ್ಸಿನಿಂದ ಮಾಸಿಲ್ಲ.

ನಾನು ಹೇಳಬೇಕಾದ ವಿಷಯವೂ ಇದೇ. ಮದ್ದು ಇತ್ತು, ಮದ್ದು ಕೊಡಲು ಬಲ್ಲ ಕೈಯೂ ಇತ್ತು. ಇಲ್ಲದಿದ್ದುದು ಒಂದು ಚೀಲ ರಕ್ತ ಮತ್ತು ಒಂದು ಟ್ಯಾಂಕ್ ಡೀಸೆಲ್. ಲಸಿಕೆ, ಸೊಳ್ಳೆಪರದೆ, ಚುಚ್ಚುಮದ್ದು ಇವುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ವಿಮಾನದಲ್ಲಿ ಕಳುಹಿಸಬಹುದು, ಅವುಗಳಿಗೆ ಹಣ ಕೊಡಲು ಮುಂದೆ ಬರುವ ದಾನಿಗಳೂ ಇದ್ದಾರೆ. ರಕ್ತ, ಆಮ್ಲಜನಕ, ರಾತ್ರಿಯಿಡೀ ವಿದ್ಯುತ್ತು, ಎರಡನೆಯ ದಾದಿ ಇವು ಜಿಲ್ಲೆಯ ಆಸ್ಪತ್ರೆಯಲ್ಲೇ ಪ್ರತಿದಿನವೂ ಇರಬೇಕಾದವು, ಮತ್ತು ಇವುಗಳಿಗೆ ಪ್ರತಿದಿನವೂ ಹಣ ಕೊಡುವವರು ವಿರಳ.

ಆಮ್ಲಜನಕದ ವಿಷಯವನ್ನೇ ನೋಡಿ. ನ್ಯುಮೋನಿಯಾದ ಮಗುವಿಗೆ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರಗಳು ಅನೇಕ ಆಸ್ಪತ್ರೆಗಳಲ್ಲಿವೆ. ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ. ಜನರೇಟರ್‌ಗೆ ಮತ್ತದೇ ಡೀಸೆಲ್ ಬೇಕು. ಇದಕ್ಕೆ ಪರಿಹಾರವೂ ಉಗಾಂಡದಲ್ಲೇ ಕಂಡುಬಂತು. ಜಿಂಜಾ ಪ್ರಾದೇಶಿಕ ಆಸ್ಪತ್ರೆಯಲ್ಲೂ ಕಂಬುಗಾದ ಜಿಲ್ಲಾ ಆಸ್ಪತ್ರೆಯಲ್ಲೂ ಸೌರಫಲಕ ಮತ್ತು ಬ್ಯಾಟರಿಗಳಿಂದ ಈ ಯಂತ್ರವನ್ನು ನಡೆಸಿ ಮಕ್ಕಳಿಗೆ ಆಮ್ಲಜನಕ ಕೊಟ್ಟ ಪ್ರಯೋಗದಲ್ಲಿ, ಅದು ಸಿಲಿಂಡರ್ ಆಮ್ಲಜನಕಕ್ಕಿಂತ ಕಡಿಮೆಯಲ್ಲ ಎಂದು ಸಾಬೀತಾಯಿತು. ಬಡ ದೇಶಗಳ ಆಸ್ಪತ್ರೆಗಳು ಕೈಚಾಚುವುದಕ್ಕೆ ಮಾತ್ರ ಇವೆ ಎಂದು ಭಾವಿಸುವವರಿಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಉಗಾಂಡ, ಕೀನ್ಯಾ, ಟಾಂಜಾನಿಯಾಗಳ ಆಸ್ಪತ್ರೆಗಳಲ್ಲಿ, ಕೀನ್ಯಾದ ಕಿಲಿಫಿಯ ಜಿಲ್ಲಾ ಆಸ್ಪತ್ರೆಯೂ ಸೇರಿದಂತೆ, 3141 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೀವ್ರ ಜ್ವರದಿಂದ ಕುಸಿದ ಮಕ್ಕಳಿಗೆ ರಕ್ತನಾಳದ ಮೂಲಕ ವೇಗವಾಗಿ ದ್ರವ ಏರಿಸುವ ರೂಢಿಯಿಂದ ಸಾವು ಹೆಚ್ಚುತ್ತದೆ ಎಂದು ತೋರಿಸಿತು. ಜಗತ್ತಿನ ವೈದ್ಯರೆಲ್ಲ ಸರಿಯೆಂದು ನಂಬಿದ್ದ ಪದ್ಧತಿಯನ್ನು ಪ್ರಶ್ನಿಸುವ ಪುರಾವೆ ಇಂಥ ವಾರ್ಡುಗಳಿಂದ ಬಂತು.

ಹೆರಿಗೆಯ ವಿಚಾರದಲ್ಲಿ ಆ ದೇಶ ಸಾಧಿಸಿದ್ದು ಕಡಿಮೆಯಲ್ಲ. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2011ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 438 ಇದ್ದದ್ದು 2016ರಲ್ಲಿ 336ಕ್ಕೆ, 2022ರಲ್ಲಿ 189ಕ್ಕೆ ಇಳಿಯಿತು. ಇದರ ಹಿಂದೆ ಮನೆಯಲ್ಲಿ ಹೆರುವ ಬದಲು ಆರೋಗ್ಯ ಕೇಂದ್ರಕ್ಕೆ ನಡೆದುಬಂದ ಹೆಂಗಸರಿದ್ದಾರೆ, ಪ್ಲಾಸ್ಟಿಕ್ ಹಾಳೆ, ಕೈಗವಸು, ಬ್ಲೇಡು, ಹೊಕ್ಕುಳಬಳ್ಳಿಗೆ ದಾರ ಇರುವ ‘ಮಾಮಾ ಕಿಟ್’ ಬಿಚ್ಚಿ ಟಾರ್ಚಿನ ಬೆಳಕಿನಲ್ಲೂ ಹೆರಿಗೆ ಮಾಡಿಸಿದ ದಾದಿಯರಿದ್ದಾರೆ. ನ್ಯಾಯಾಲಯವೂ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇಬ್ಬರು ಗರ್ಭಿಣಿಯರು ಸಕಾಲದಲ್ಲಿ ಆರೈಕೆ ಸಿಗದೆ ಸತ್ತ ನಂತರ 2011ರಲ್ಲಿ ಹೂಡಿದ ಅರ್ಜಿಯನ್ನು ಸಂವಿಧಾನ ನ್ಯಾಯಾಲಯ ಮೊದಲು ಇದು ರಾಜಕೀಯ ಪ್ರಶ್ನೆಯೆಂದು ತಳ್ಳಿಹಾಕಿತ್ತು. ಸುಪ್ರೀಂ ಕೋರ್ಟು 2015ರಲ್ಲಿ ಅದನ್ನು ವಿಚಾರಣೆಗೆ ಮರಳಿಸಿತು. ಕಡೆಗೆ 2020ರ ಆಗಸ್ಟ್ 19ರಂದು, ಗರ್ಭಿಣಿಯರಿಗೆ ಮೂಲಭೂತ ಆರೈಕೆಯನ್ನು ಒದಗಿಸದಿರುವುದು ಸಂವಿಧಾನದ ಉಲ್ಲಂಘನೆಯೆಂದು ತೀರ್ಪು ಬಂತು. ತಾಯಂದಿರ ಆರೋಗ್ಯಕ್ಕೆ ಸಾಕಷ್ಟು ಹಣ ಮೀಸಲಿಡಬೇಕೆಂದು ಸರ್ಕಾರಕ್ಕೆ ಆದೇಶವಾಯಿತು. ಜಿಲ್ಲಾ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಕೈಗವಸು ಇದೆಯೋ ಇಲ್ಲವೋ ಎಂಬುದು ಸಂವಿಧಾನದ ಪ್ರಶ್ನೆ ಎಂದು ಒಂದು ದೇಶದ ನ್ಯಾಯಾಲಯ ಹೇಳಿದ್ದು ನಮ್ಮ ಪತ್ರಿಕೆಗಳಲ್ಲಿ ಚರ್ಚೆಯಾಗಬೇಕಾಗಿತ್ತು.

ಅಲ್ಲಿನ ಸರ್ಕಾರಿ ವೈದ್ಯರು ಕೆಲಸಕ್ಕೇ ಬರುವುದಿಲ್ಲ, ಔಷಧ ಕಳ್ಳಸಾಗಣೆಯಾಗುತ್ತದೆ, ಹಣ ಕೊಟ್ಟು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಸರ್ಕಾರಿ ಮಾತ್ರೆಗಳ ಮೇಲೆ ಗುರುತು ಒತ್ತಬೇಕಾಗಿ ಬಂದದ್ದೇ ಕಳ್ಳತನ ತಡೆಯಲು. ಗೈರುಹಾಜರಿಯೂ ನಿಜ. ಆದರೆ ಮನೆಬಾಡಿಗೆಗೂ ಸಾಲದ ಸಂಬಳ ಪಡೆದು, ಸೋರುವ ವಸತಿಗೃಹದಲ್ಲಿದ್ದು, ಮಕ್ಕಳನ್ನು ಓದಿಸಲು ಪಟ್ಟಣದ ಖಾಸಗಿ ಕ್ಲಿನಿಕ್‌ನಲ್ಲಿ ಸಂಜೆ ದುಡಿಯುವವನನ್ನು ಕಳ್ಳನೆಂದು ಕರೆಯುವ ಮೊದಲು ಕೊಂಚ ಯೋಚಿಸಬೇಕು. 2017ರ ನವೆಂಬರ್‌ನಲ್ಲಿ ಉಗಾಂಡದ ವೈದ್ಯರು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಸಂಬಳದ ಜೊತೆಗೆ ಆಸ್ಪತ್ರೆಗಳಿಗೆ ಬೇಕಾದ ಔಷಧ ಮತ್ತು ಸಾಮಗ್ರಿಗಳೂ ಇದ್ದವು. 2022ರ ಜುಲೈಯಿಂದ ವೈದ್ಯಾಧಿಕಾರಿಯ ತಿಂಗಳ ಸಂಬಳ 50 ಲಕ್ಷ ಉಗಾಂಡ ಶಿಲ್ಲಿಂಗ್‌ಗೆ ಏರಿತು, ಅದು ಒಳ್ಳೆಯ ಹೆಜ್ಜೆ. ಸರ್ಟಿಫಿಕೇಟು, ಡಿಪ್ಲೊಮಾ ಪಡೆದ ದಾದಿಯರಿಗೆ ಅಷ್ಟು ಸಂಬಳ ಸಿಗಲಿಲ್ಲ. ರಾತ್ರಿಯ ವಾರ್ಡನ್ನು ನಡೆಸುವವರು ಬಹುಪಾಲು ಅವರೇ.

2015ರ ನವೆಂಬರ್‌ನಲ್ಲಿ ಅಧ್ಯಕ್ಷೀಯ ಚುನಾವಣೆಯ ಪ್ರಚಾರ ನಡೆಯುತ್ತಿದ್ದಾಗ, ತಾವೂ ವೈದ್ಯರಾದ ವಿರೋಧ ಪಕ್ಷದ ಅಭ್ಯರ್ಥಿ ಕಿಜ್ಜಾ ಬೆಸಿಗ್ಯೆ ಅವರು ಕರಮೋಜ ಸೀಮೆಯ ಅಬೀಮ್ ಆಸ್ಪತ್ರೆಯನ್ನು ಕ್ಯಾಮೆರಾಗಳೊಂದಿಗೆ ಹೊಕ್ಕು ಅದರ ದುಃಸ್ಥಿತಿಯನ್ನು ಇಡೀ ದೇಶಕ್ಕೆ ತೋರಿಸಿದರು. ಕೆಲವು ವಾರ ಅದೇ ಮಾತು. ಒಂದು ಜನರಲ್ ಆಸ್ಪತ್ರೆ ಚುನಾವಣೆಯ ವಿಷಯವಾದದ್ದು ಒಳ್ಳೆಯದೆಂದೇ ಆಗ ಅನ್ನಿಸಿತ್ತು. ಆದರೆ ಅದು ಯಾರು ತೋರಿಸಬಹುದು, ಯಾರು ತೋರಿಸಬಾರದು ಎಂಬ ಜಗಳವಾಗಿ ತಿರುಗಿದ್ದು ಬೇಸರದ ಸಂಗತಿ.

ನಮ್ಮಲ್ಲಿ ಉಗಾಂಡದ ಆಸ್ಪತ್ರೆಗಳ ಹೆಸರು ಅಚ್ಚಾಗುವುದು ಎಬೋಲಾ ಬಂದಾಗ. 2000ದಲ್ಲಿ ಗುಲುವಿನ ಲಾಚೋರ್ ಆಸ್ಪತ್ರೆಯ ವೈದ್ಯ ಮ್ಯಾಥ್ಯೂ ಲುಕ್ವಿಯಾ ರೋಗಿಗಳ ನಡುವೆ ದುಡಿಯುತ್ತಲೇ ಸೋಂಕು ತಗುಲಿ ಡಿಸೆಂಬರ್ 5ರಂದು ತೀರಿಕೊಂಡರು. ಲಾಚೋರ್ ಚರ್ಚಿನ ಆಡಳಿತದ ಆಸ್ಪತ್ರೆ, ಆದರೆ ಉತ್ತರದ ಸರ್ಕಾರಿ ಆಸ್ಪತ್ರೆಗಳ ದಾದಿಯರೂ ಅವರನ್ನು ತಮ್ಮವರೆಂದೇ ನೆನೆಯುತ್ತಿದ್ದುದನ್ನು ನಾನು ಕೇಳಿದ್ದೇನೆ. 2012ರಲ್ಲಿ ಕಿಬಾಲೆ ಜಿಲ್ಲೆಯಲ್ಲಿ ಎಬೋಲಾ ಕಾಣಿಸಿಕೊಂಡಾಗ ಪ್ರತ್ಯೇಕ ವಾರ್ಡು ತೆರೆದದ್ದು ಕಗಾಡಿಯ ಸರ್ಕಾರಿ ಆಸ್ಪತ್ರೆಯಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಮುಬೆಂಡೆಯಲ್ಲಿ ಶುರುವಾದ ಸೋಂಕು 142 ಖಚಿತ ಪ್ರಕರಣಗಳಾಗಿ, 2023ರ ಜನವರಿ 11ರಂದು ಮುಗಿಯಿತೆಂದು ಘೋಷಣೆಯಾಯಿತು. ಸೋಂಕು ತಗುಲಿದ ಆರೋಗ್ಯ ಸಿಬ್ಬಂದಿ 19, ಅವರಲ್ಲಿ ಸತ್ತವರು 7. ನಾಲ್ಕು ತಿಂಗಳೊಳಗೆ ಅದನ್ನು ತಡೆದವರು ಇದೇ ಸರ್ಕಾರಿ ವ್ಯವಸ್ಥೆಯವರು. ಸಾಂಕ್ರಾಮಿಕ ಮುಗಿದೊಡನೆ ವರದಿಗಾರರೂ ವಿಶೇಷ ನಿಧಿಯೂ ಅಲ್ಲಿಂದ ಹೊರಡುತ್ತವೆ. ರೋಗಿಗಳ ಸಾಲು ಮಾತ್ರ ಮರುದಿನ ಬೆಳಿಗ್ಗೆ ಎಂದಿನಂತೆ ಹೊರರೋಗಿ ವಿಭಾಗದ ಮುಂದೆ ನಿಂತಿರುತ್ತದೆ.

2025ರ ಆರಂಭದಲ್ಲಿ ಅಮೆರಿಕದ ನೆರವು ಏಕಾಏಕಿ ನಿಂತಾಗ ಆ ಸಾಲು ಇನ್ನೂ ಉದ್ದವಾಯಿತು. ಪ್ರತ್ಯೇಕ ಹಣದಿಂದ, ಪ್ರತ್ಯೇಕ ಸಿಬ್ಬಂದಿಯಿಂದ ನಡೆಯುತ್ತಿದ್ದ ಎಚ್‌ಐವಿ ಮತ್ತು ಕ್ಷಯರೋಗದ ಕ್ಲಿನಿಕ್‌ಗಳನ್ನು ಸಾಮಾನ್ಯ ಹೊರರೋಗಿ ವಿಭಾಗದೊಳಗೆ ಸೇರಿಸುವಂತೆ ಆರೋಗ್ಯ ಸಚಿವಾಲಯ ಸೂಚಿಸಿತು. ಒಂದೊಂದು ರೋಗಕ್ಕೆ ಒಂದೊಂದು ಬಾಗಿಲು ಇರುವುದಕ್ಕಿಂತ ಒಂದೇ ಬಾಗಿಲು ಲೇಸೆಂದು ನಾನೂ ಒಪ್ಪುತ್ತೇನೆ, ಆದರೆ ಸಿದ್ಧತೆಗೆ ಸಮಯವೇ ಕೊಡದೆ ಹೊರೆಯನ್ನು ಹೊರಿಸಿದ ಬಗೆ ಸರಿಯಲ್ಲ. ಆಫ್ರಿಕಾದ ರಾಷ್ಟ್ರಗಳು 2001ರಲ್ಲಿ ಅಬುಜಾದಲ್ಲಿ ಸೇರಿ, ಬಜೆಟ್ಟಿನ ಶೇಕಡ 15ರಷ್ಟನ್ನು ಆರೋಗ್ಯಕ್ಕೆ ಮೀಸಲಿಡುವುದಾಗಿ ಮಾತು ಕೊಟ್ಟಿದ್ದವು. ಉಗಾಂಡ ಆ ಗುರಿಯನ್ನು ಮುಟ್ಟಿಲ್ಲ. ಹೊರಗಿನ ಹಣ ನಿಂತ ಮೇಲಾದರೂ ಕಂಪಾಲಾದ ಸಂಸತ್ತು ಆ ಮಾತನ್ನು ನೆನಪಿಸಿಕೊಳ್ಳಬೇಕು.

ಇವೆಲ್ಲ ನಮಗೇಕೆ ಎಂದು ತಮ್ಮ ಓದುಗರು ಕೇಳಬಾರದು. ಏಡ್ಸ್ ಔಷಧದ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರುಗಳಿಗೂ ಮಿಕ್ಕಿದ್ದಾಗ, 2001ರ ಫೆಬ್ರವರಿಯಲ್ಲಿ ಮುಂಬೈಯ ಸಿಪ್ಲಾ ಅದನ್ನು 350 ಡಾಲರಿಗೆ ಕೊಡುವುದಾಗಿ ಹೇಳಿತು. ಮುಂದೆ ಕಂಪಾಲಾದ ಲುಜಿರಾದಲ್ಲೇ ಆ ಔಷಧ ತಯಾರಿಸುವ ಕಾರ್ಖಾನೆಯೂ ಬಂತು. ಆ ವಾರ್ಡುಗಳ ಕಪಾಟಿನಲ್ಲಿ ನಾನು ಕಂಡ ಎಷ್ಟೋ ಪೊಟ್ಟಣಗಳ ಮೇಲೆ ನಮ್ಮ ದೇಶದ ಊರುಗಳ ಹೆಸರಿತ್ತು. ನಾವು ತಯಾರಿಸಿ ಕಳುಹಿಸುವವರಾದ ಮೇಲೆ, ಅದು ಯಾರ ಕೈಗೆ ಸೇರುತ್ತದೆ, ಎಂಥ ಸ್ಥಿತಿಯಲ್ಲಿ ಬಳಕೆಯಾಗುತ್ತದೆ ಎಂದು ತಿಳಿಯುವ ಹೊಣೆಯೂ ನಮ್ಮದು.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಆರ್21 ಲಸಿಕೆಯ ಬಗ್ಗೆ ತಮ್ಮ ಪತ್ರಿಕೆ ಮತ್ತೊಮ್ಮೆ ಬರೆಯುವುದಾದರೆ, ವರದಿಗಾರರು ಪುಣೆಯ ಜೊತೆಗೆ ಅಪಾಚ್ ಜಿಲ್ಲೆಯ ಆಸ್ಪತ್ರೆಯನ್ನೂ ದೂರವಾಣಿಯಲ್ಲಾದರೂ ಸಂಪರ್ಕಿಸಲಿ. ಉಗಾಂಡದಲ್ಲಿ ಮಗುವಿಗೆ ಈ ಲಸಿಕೆಯನ್ನು ಆರು, ಏಳು, ಎಂಟು ತಿಂಗಳಲ್ಲಿ ಕೊಟ್ಟು, ನಾಲ್ಕನೆಯ ಡೋಸನ್ನು 18ನೆಯ ತಿಂಗಳಲ್ಲಿ ಕೊಡಬೇಕು. ಹತ್ತು ತಿಂಗಳ ಅಂತರದ ನಂತರ ಎಷ್ಟು ತಾಯಂದಿರು ಮಗುವನ್ನೆತ್ತಿಕೊಂಡು ಮರಳಿ ಬಂದರು, ಈ ಸಲದ ಮಳೆಯ ನಂತರ ಮಕ್ಕಳ ವಾರ್ಡಿನ ಒಂದು ಹಾಸಿಗೆಯಲ್ಲಿ ಎಷ್ಟು ಮಕ್ಕಳಿದ್ದರು, ಶಾಲೆಗಳಿಗೆ ರಜೆಯಿದ್ದ ಮೇ ತಿಂಗಳಲ್ಲಿ ಫ್ರಿಜ್‌ನೊಳಗೆ ರಕ್ತ ಇತ್ತೇ ಎಂದು ಅಲ್ಲಿನ ದಾದಿಯನ್ನೇ ಕೇಳಿ, ಆಕೆ ಹೇಳಿದ್ದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ